ಫೈಲ್ ಸಿಸ್ಟಂಗಳಿಗೆ ಒಂದೇ ಮುಖ: ಎಷ್ಟು ಮುಚ್ಚಬೇಕು, ಎಷ್ಟು ಹೇಳಬೇಕು?

ಹೊಸೂರಿನ ಕಚೇರಿಯೊಂದರ ಲಿನಕ್ಸ್ ಕಂಪ್ಯೂಟರಿನಲ್ಲಿ ‘ಹೊಸೂರು’ ಎಂದು ಹೆಸರಿಟ್ಟು ಒಂದು ಫೈಲ್ ಉಳಿಸಿದರೆ ಆ ಹೆಸರು 18 ಬೈಟ್ ಹಿಡಿಯುತ್ತದೆ. ಅದೇ ಫೈಲನ್ನು ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಇರುವ ಹಳೆಯ ಮ್ಯಾಕ್‌ಗೆ ನಕಲು ಮಾಡಿ, ಅಲ್ಲಿಂದ ಹೆಸರನ್ನು ಓದಿಸಿದರೆ 21 ಬೈಟ್ ಬರುತ್ತದೆ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವೂ ಕಾಣದು. ಬೈಟಿಗೆ ಬೈಟು ಹೋಲಿಸುವ ಪ್ರೋಗ್ರಾಂಗೆ ಮಾತ್ರ ಅವು ಎರಡು ಬೇರೆ ಬೇರೆ ಫೈಲುಗಳು. ಹೆಸರು ‘ದೆಂಕಣಿಕೋಟೆ’ ಎಂದಿದ್ದರೆ 30 ಬೈಟ್ ಇದ್ದದ್ದು 36 ಆಗುತ್ತದೆ. ‘ಕೃಷ್ಣಗಿರಿ’ ಮತ್ತು ‘ತಳಿ’ ಎರಡೂ ಕಡೆ ಒಂದೇ ಅಳತೆ: 27 ಮತ್ತು 9.

ಕಾರಣ ಯುನಿಕೋಡ್‌ನಲ್ಲಿದೆ. ಕನ್ನಡ ಕಾಗುಣಿತದ ಗುಡಿಸಿನ ದೀರ್ಘ, ಏತ್ವ, ಐತ್ವ, ಒತ್ವ, ಓತ್ವ ಈ ಐದು ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಒತ್ವವನ್ನು ಬಿಡಿಸಿದರೆ ಎತ್ವ ಮತ್ತು ಕೊಂಬಿನ ಇಳಿ ಸಿಗುತ್ತವೆ. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್. ತಮಿಳಿನಲ್ಲಿ ಇಂಥ ಸ್ವರಚಿಹ್ನೆಗಳು ಮೂರು, ತೆಲುಗಿನಲ್ಲಿ ಒಂದು. ಮೂರೂ ಭಾಷೆ ಮಾತನಾಡುವ ಹೊಸೂರು, ಬಾಗಲೂರು, ಕೆಲಮಂಗಲಗಳಂಥ ಊರುಗಳಲ್ಲಿ ಒಂದೇ ಫೋಲ್ಡರಿನೊಳಗೆ ಮೂರೂ ಲಿಪಿಯ ಹೆಸರುಗಳು ಇರುವುದು ಸಹಜ. ಆ ಫೋಲ್ಡರು ಪೆನ್ ಡ್ರೈವಿಗೆ, ಸರ್ವರಿಗೆ, ಮೊಬೈಲಿಗೆ ದಾಟುತ್ತಾ ಹೋದಂತೆ ಪ್ರತಿ ಫೈಲ್ ಸಿಸ್ಟಂ ತನ್ನದೇ ನಿಯಮ ಹೇರುತ್ತದೆ.

ಈ ಎಲ್ಲ ಕಡೆಯೂ ಓಡಬೇಕಾದ ಪ್ರೋಗ್ರಾಂ ಬರೆಯುವವರ ಮುಂದೆ ಇರುವುದು ವಿನ್ಯಾಸದ ಪ್ರಶ್ನೆ. ಸಿ, ಸಿ++, ರಸ್ಟ್, ಗೋ, ಜಿಗ್‌ನಂಥ ಭಾಷೆಯಲ್ಲಿ ಎಲ್ಲ ಫೈಲ್ ಸಿಸ್ಟಂಗಳಿಗೂ ಒಂದೇ ಅಮೂರ್ತ ಇಂಟರ್‌ಫೇಸ್ ಕೊಡುವುದಾದರೆ ಅದರೊಳಗೆ ಏನಿರಬೇಕು? ಡಿಸ್ಕ್, ಜಿಪ್ ಫೈಲು, ಜಾಲದಾಚೆಯ ಸರ್ವರ್, ಪರೀಕ್ಷೆಗೆಂದು ಮೆಮೊರಿಯಲ್ಲೇ ಕಟ್ಟಿದ ಫೋಲ್ಡರು, ಇವೆಲ್ಲ ಒಂದೇ ಆದೇಶಕ್ಕೆ ಓಗೊಡಬೇಕೆಂಬುದು ಆಸೆ. ನಾಲ್ಕು ದಶಕಗಳಿಂದ ಈ ಆಸೆಗೆ ಹಲವು ರೂಪಗಳು ಬಂದಿವೆ. ಅವನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಫೈಲ್ ಸಿಸ್ಟಂಗಳ ನಡುವಿನ ವ್ಯತ್ಯಾಸವನ್ನು ಮುಚ್ಚಿಟ್ಟ ಇಂಟರ್‌ಫೇಸ್‌ಗಳು ಒಂದಲ್ಲ ಒಂದು ದಿನ ಬಳಕೆದಾರರ ದತ್ತಾಂಶವನ್ನೇ ಅಪಾಯಕ್ಕೆ ಒಡ್ಡಿವೆ. ವ್ಯತ್ಯಾಸವನ್ನು ಕೇಳಿ ತಿಳಿಯಲು ದಾರಿ ಮಾಡಿಕೊಟ್ಟವು ಬಾಳಿಕೆ ಬಂದಿವೆ.

ಸನ್‌ನಿಂದ ಲಿನಕ್ಸ್‌ವರೆಗೆ

1980ರ ದಶಕದ ನಡುವಿನ ತನಕ ಯೂನಿಕ್ಸ್ ಕರ್ನಲ್ ಸಾಮಾನ್ಯವಾಗಿ ಒಂದೇ ಬಗೆಯ ಫೈಲ್ ಸಿಸ್ಟಂ ನೆಚ್ಚಿಕೊಂಡಿತ್ತು. ಸನ್ ಮೈಕ್ರೋಸಿಸ್ಟಮ್ಸ್ 1985ರಲ್ಲಿ ಎನ್‌ಎಫ್‌ಎಸ್ ಎಂಬ ಜಾಲ ಫೈಲ್ ಸಿಸ್ಟಂ ತಂದಾಗ ಸ್ಥಳೀಯ ಡಿಸ್ಕಿನ ಫೈಲೂ ದೂರದ ಸರ್ವರಿನ ಫೈಲೂ ಒಂದೇ ಕರೆಗೆ ಸಿಗಬೇಕಾಯಿತು. ಅದಕ್ಕೆ ಸ್ಟೀವ್ ಕ್ಲೈಮನ್ ಮತ್ತು ಸಂಗಡಿಗರು ರೂಪಿಸಿದ್ದು ‘ವಿನೋಡ್’. ಅದರ ವಿವರವನ್ನು ಕ್ಲೈಮನ್ 1986ರ ಯೂಸ್‌ನಿಕ್ಸ್ ಬೇಸಿಗೆ ಸಮ್ಮೇಳನದ ಪ್ರಬಂಧದಲ್ಲಿ ಕೊಟ್ಟರು. ಪ್ರತಿ ಫೈಲಿನ ಜೊತೆ ಒಂದು ಪಟ್ಟಿ ಇರುತ್ತದೆ. ತೆರೆ, ಓದು, ಬರೆ, ಹುಡುಕು, ಅಳಿಸು ಎಂಬ ಪ್ರತಿ ಕೆಲಸಕ್ಕೂ ಆ ಪಟ್ಟಿಯಲ್ಲಿ ಒಂದು ಫಂಕ್ಷನ್ ಪಾಯಿಂಟರ್. ಕರ್ನಲ್ ಪಟ್ಟಿ ನೋಡಿ ಕರೆಯುತ್ತದೆ, ಹಿಂದೆ ಯಾವ ಫೈಲ್ ಸಿಸ್ಟಂ ಇದೆ ಎಂದು ವಿಚಾರಿಸುವುದಿಲ್ಲ.

ಸೋರಿಕೆ ಆಗಲೇ ಶುರುವಾಗಿತ್ತು. ಯೂನಿಕ್ಸ್‌ನಲ್ಲಿ ತೆರೆದಿರುವ ಫೈಲನ್ನು ಅಳಿಸಿದರೂ ಅದನ್ನು ಹಿಡಿದಿರುವ ಪ್ರೋಗ್ರಾಂ ಮುಚ್ಚುವ ತನಕ ಓದುತ್ತಾ ಬರೆಯುತ್ತಾ ಇರಬಹುದು. ಎನ್‌ಎಫ್‌ಎಸ್ ಸರ್ವರಿಗೆ ಯಾರು ಏನನ್ನು ತೆರೆದಿದ್ದಾರೆ ಎಂಬ ನೆನಪೇ ಇರಲಿಲ್ಲ. ಹಾಗಾಗಿ ಅಳಿಸುವ ಆದೇಶ ಬಂದರೆ ಕ್ಲೈಂಟು ಆ ಫೈಲಿಗೆ ಚುಕ್ಕಿಯಿಂದ ಶುರುವಾಗುವ ಒಂದು ಗುಪ್ತ ಹೆಸರು ಕೊಟ್ಟು ಪಕ್ಕಕ್ಕೆ ಸರಿಸಿಡುತ್ತದೆ. ‘ಖಾಲಿ’ ಮಾಡಿದ ಫೋಲ್ಡರನ್ನು ಅಳಿಸಲು ಹೋದವರಿಗೆ ಅದು ಖಾಲಿಯಿಲ್ಲ ಎಂಬ ಉತ್ತರ ಸಿಗುವುದು ಈ ಕಾರಣಕ್ಕೆ.

ಲಿನಕ್ಸ್ ಮೊದಲು ಮಿನಿಕ್ಸ್‌ನ ಫೈಲ್ ಸಿಸ್ಟಂ ಬಳಸುತ್ತಿತ್ತು. ಅದರಲ್ಲಿ ಫೈಲಿನ ಹೆಸರು 14 ಅಕ್ಷರ ಮೀರುವಂತಿರಲಿಲ್ಲ. ಕ್ರಿಸ್ ಪ್ರೊವೆಂಜಾನೊ ಬರೆದು, ಲಿನಸ್ ಟೊರ್ವಾಲ್ಡ್ಸ್ ತಿದ್ದಿ ಬರೆದು ಸೇರಿಸಿಕೊಂಡ ವಿಎಫ್‌ಎಸ್ ಎಂಬ ಇಂಥದ್ದೇ ಪದರದ ಮೇಲೆ 1992ರಲ್ಲಿ ಮೊದಲ ‘ಎಕ್ಸ್ಟ್’ ಫೈಲ್ ಸಿಸ್ಟಂ ನಿಂತಿತು. ಇಂದಿಗೂ ಆ ಪದರದಲ್ಲಿ ನಾಲ್ಕು ಮುಖ್ಯ ವಸ್ತುಗಳಿವೆ: ಇಡೀ ಫೈಲ್ ಸಿಸ್ಟಂ ಪರವಾಗಿ ಸೂಪರ್‌ಬ್ಲಾಕ್, ಫೈಲಿನ ಪರವಾಗಿ ಐನೋಡ್, ಹೆಸರಿನ ಪರವಾಗಿ ಡೆಂಟ್ರಿ, ತೆರೆದ ಫೈಲಿನ ಪರವಾಗಿ ‘ಫೈಲ್’. ಹೆಸರನ್ನೂ ಫೈಲನ್ನೂ ಬೇರೆ ಮಾಡಿದ್ದು ದೊಡ್ಡ ಜಾಣತನ. ಒಂದೇ ಫೈಲಿಗೆ ಎರಡು ಹೆಸರು ಇರಬಹುದು, ಹೆಸರು ಹೋದ ಮೇಲೂ ಫೈಲ್ ಇರಬಹುದು ಎಂಬುದು ಇದರಿಂದ ರಚನೆಯಲ್ಲೇ ಸ್ಪಷ್ಟವಾಯಿತು. 2005ರ ಅಕ್ಟೋಬರಿನಲ್ಲಿ ಬಂದ ಲಿನಕ್ಸ್ 2.6.14ರಲ್ಲಿ ಮಿಕ್ಲೋಷ್ ಸೆರೆದಿಯವರ ‘ಫ್ಯೂಸ್’ ಸೇರಿದ ಮೇಲೆ ಕರ್ನಲ್ ಮುಟ್ಟದೆಯೇ ಸಾಮಾನ್ಯ ಪ್ರೋಗ್ರಾಂ ಒಂದು ಫೈಲ್ ಸಿಸ್ಟಂ ಆಗಲು ಸಾಧ್ಯವಾಯಿತು.

ಬೆಂಗಳೂರಿನ ಗ್ಲಸ್ಟರ್

ಹೊಸೂರಿನಿಂದ ದಿನವೂ ಅತ್ತಿಬೆಲೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಎಂಜಿನಿಯರುಗಳಿಗೆ ಈ ವಿಷಯದ ಒಳ್ಳೆಯ ಪಾಠ ಅಲ್ಲೇ ಹುಟ್ಟಿದ್ದು. ಆನಂದ್ ಬಾಬು ಪೆರಿಯಸ್ವಾಮಿ ಮತ್ತು ಹಿತೇಶ್ ಚೆಲ್ಲಾನಿ 2005ರಲ್ಲಿ ಕಟ್ಟಿದ ಗ್ಲಸ್ಟರ್ ಸಂಸ್ಥೆಯ ಎಂಜಿನಿಯರಿಂಗ್ ತಂಡ ಬೆಂಗಳೂರಿನಲ್ಲಿತ್ತು. ಹತ್ತಾರು ಸಾಮಾನ್ಯ ಸರ್ವರುಗಳ ಡಿಸ್ಕುಗಳನ್ನು ಒಂದೇ ದೊಡ್ಡ ಫೋಲ್ಡರಿನಂತೆ ತೋರಿಸುವ ‘ಗ್ಲಸ್ಟರ್‌ಎಫ್‌ಎಸ್’ ಅದರ ಕೆಲಸ. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರಿಗೆ ಅದನ್ನು ಕೊಂಡುಕೊಂಡಿತು.

ಗ್ಲಸ್ಟರ್ ಸಿ ಭಾಷೆಯಲ್ಲಿದೆ. ಅದರ ವಿನ್ಯಾಸದ ಮೂಲ ಘಟಕ ‘ಟ್ರಾನ್ಸ್‌ಲೇಟರ್’. ಗ್ನೂ ಹರ್ಡ್‌ನಿಂದ ಬಂದ ಕಲ್ಪನೆ. ಪ್ರತಿ ಟ್ರಾನ್ಸ್‌ಲೇಟರೂ ಬೇಕಾದಾಗ ತುಂಬಿಕೊಳ್ಳುವ ಒಂದು ಲೈಬ್ರರಿ. ಪ್ರತಿಯೊಂದರ ಬಳಿಯೂ ಫೈಲ್ ಕೆಲಸಗಳ ಒಂದೇ ನಮೂನೆಯ ಪಟ್ಟಿ. ತಳದಲ್ಲಿ ನಿಜವಾದ ಡಿಸ್ಕಿನ ಮೇಲೆ ಬರೆಯುವ ‘ಪೊಸಿಕ್ಸ್’ ಟ್ರಾನ್ಸ್‌ಲೇಟರ್, ಅದರ ಮೇಲೆ ಬೀಗ ನೋಡಿಕೊಳ್ಳುವುದು, ಅದರ ಮೇಲೆ ಜಾಲ ದಾಟಿಸುವುದು, ಅದರಾಚೆ ನಕಲು ಇಡುವುದು, ಫೈಲುಗಳನ್ನು ಹಂಚುವುದು, ತುದಿಯಲ್ಲಿ ಫ್ಯೂಸ್. ಎಲ್ಲದರ ಆಕಾರ ಒಂದೇ ಆದ್ದರಿಂದ ಯಾವುದರ ಮೇಲೆ ಯಾವುದನ್ನಾದರೂ ಪೇರಿಸಬಹುದು. ಯಾವ ಕ್ರಮದಲ್ಲಿ ಪೇರಿಸಬೇಕೆಂದು ಸರಳ ಪಠ್ಯದ ಒಂದು ಸಂರಚನಾ ಫೈಲು ಹೇಳುತ್ತದೆ. ಒಂದು ಟ್ರಾನ್ಸ್‌ಲೇಟರು ಯಾವುದಾದರೂ ಕೆಲಸವನ್ನು ಬರೆಯದೆ ಬಿಟ್ಟಿದ್ದರೆ ಆ ಆದೇಶ ಹಾಗೆಯೇ ಕೆಳಗಿನ ಪದರಕ್ಕೆ ಹೋಗುತ್ತದೆ. ಹೀಗಾಗಿ ಬರೀ ಬರವಣಿಗೆಯನ್ನು ಒಟ್ಟುಗೂಡಿಸುವ ಪದರ ಬರೆಯುವವರು ಉಳಿದ ಕೆಲಸಗಳ ಗೊಡವೆಗೆ ಹೋಗಬೇಕಿಲ್ಲ.

ಈ ಪದರಗಳಲ್ಲಿ ಆದೇಶ ಹರಿಯುವ ರೀತಿ ಇನ್ನೂ ಸ್ವಾರಸ್ಯ. ಸಾಮಾನ್ಯ ಫಂಕ್ಷನ್ ಕರೆಯಂತೆ ಉತ್ತರಕ್ಕಾಗಿ ಅಲ್ಲೇ ಕಾದು ನಿಲ್ಲುವುದಿಲ್ಲ. ‘ಸ್ಟ್ಯಾಕ್ ವೈಂಡ್’ ಎಂಬ ಮ್ಯಾಕ್ರೊ ಆದೇಶವನ್ನು ಕೆಳಕ್ಕೆ ಕಳಿಸುತ್ತದೆ, ಜೊತೆಗೆ ಉತ್ತರ ಬಂದಾಗ ಯಾವ ಫಂಕ್ಷನ್ ಕರೆಯಬೇಕೆಂದು ಹೇಳುತ್ತದೆ. ಉತ್ತರ ‘ಸ್ಟ್ಯಾಕ್ ಅನ್‌ವೈಂಡ್’ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಬರುತ್ತದೆ. ಜಾಲದಾಚೆಯ ಮೂರು ಸರ್ವರುಗಳಿಗೆ ಒಂದೇ ಬರಹವನ್ನು ಒಟ್ಟಿಗೆ ಕಳಿಸಿ, ಮೂರರ ಉತ್ತರವನ್ನೂ ಲೆಕ್ಕ ಹಾಕಿ ಮುಂದುವರಿಯಲು ಇದೇ ದಾರಿ. ಸಿ ಭಾಷೆಯಲ್ಲಿ ಇದಕ್ಕೆ ಯಾವ ಆಸರೆಯೂ ಇಲ್ಲ. ಎಲ್ಲವನ್ನೂ ಮ್ಯಾಕ್ರೊಗಳಿಂದಲೇ ಹೆಣೆಯಬೇಕಾಯಿತು. ಒಂದು ಪದರ ಮೇಲಕ್ಕೆ ಉತ್ತರ ಕೊಡಲು ಮರೆತರೆ ಪ್ರೋಗ್ರಾಂ ಸುಮ್ಮನೆ ಕಾಯುತ್ತಾ ಕೂರುತ್ತದೆ, ಕಂಪೈಲರು ಆ ತಪ್ಪನ್ನು ಹಿಡಿದುಕೊಡುವುದಿಲ್ಲ.

ಫೈಲನ್ನು ಯಾವ ಸರ್ವರಿನಲ್ಲಿ ಇಡಬೇಕೆಂದು ನಿರ್ಧರಿಸಲು ಗ್ಲಸ್ಟರಿಗೆ ಕೇಂದ್ರ ದಾಖಲೆಯಿಲ್ಲ. ಫೈಲಿನ ಹೆಸರಿನಿಂದ ಒಂದು ಹ್ಯಾಶ್ ಸಂಖ್ಯೆ ಲೆಕ್ಕ ಹಾಕಿ, ಆ ಸಂಖ್ಯೆ ಯಾವ ಡಿಸ್ಕಿನ ಪಾಲಿಗೆ ಬರುತ್ತದೋ ಅಲ್ಲಿಗೆ ಕಳಿಸುತ್ತದೆ. ಫೈಲಿಗೆ ಹೊಸ ಹೆಸರು ಇಟ್ಟರೆ? ಹ್ಯಾಶ್ ಬದಲಾಗಿ ಫೈಲು ಬೇರೆ ಸರ್ವರಿಗೆ ಸೇರಬೇಕಾಗುತ್ತದೆ. ಹೆಸರು ಬದಲಿಸುವುದಕ್ಕೆಂದು ನೂರು ಜಿಬಿ ದತ್ತಾಂಶ ಸಾಗಿಸಲಾಗದು. ಆದ್ದರಿಂದ ಹೊಸ ಜಾಗದಲ್ಲಿ ಸೊನ್ನೆ ಬೈಟಿನ ಒಂದು ಸೂಚಕ ಫೈಲನ್ನು ಇಟ್ಟು, ಅಸಲಿ ಎಲ್ಲಿದೆ ಎಂದು ಅದರ ವಿಸ್ತೃತ ಗುಣಲಕ್ಷಣದಲ್ಲಿ ಬರೆಯುತ್ತದೆ. ಸರ್ವರಿನ ಡಿಸ್ಕನ್ನು ನೇರವಾಗಿ ತೆರೆದು ನೋಡಿದರೆ ಅನುಮತಿಗಳ ಸಾಲಿನಲ್ಲಿ ಒಂಬತ್ತು ಅಡ್ಡಗೆರೆ, ಕೊನೆಗೊಂದು ‘ಟಿ’ ಇರುವ ಖಾಲಿ ಫೈಲುಗಳಾಗಿ ಇವು ಕಾಣುತ್ತವೆ. ಹ್ಯಾಶ್ ಲೆಕ್ಕ ಹಾಕುವುದು ಹೆಸರಿನ ಬೈಟುಗಳಿಂದ. ಎಂದಮೇಲೆ 18 ಬೈಟಿನ ‘ಹೊಸೂರು’ ಒಂದು ಸರ್ವರಿಗೂ 21 ಬೈಟಿನ ‘ಹೊಸೂರು’ ಇನ್ನೊಂದಕ್ಕೂ ಹೋಗಬಹುದು.

ಗ್ಲಸ್ಟರಿನ ಕಥೆಯಲ್ಲಿ ಎಲ್ಲರೂ ತಿಳಿಯಬೇಕಾದ ಅಧ್ಯಾಯ ಫೋಲ್ಡರಿನ ಪಟ್ಟಿಯದು. ಫೋಲ್ಡರಿನಲ್ಲಿ ಲಕ್ಷ ಫೈಲುಗಳಿದ್ದರೆ ಪಟ್ಟಿಯನ್ನು ಕಂತು ಕಂತಾಗಿ ಕೇಳಬೇಕು. ಎಲ್ಲಿಯವರೆಗೆ ಓದಿಯಾಯಿತೆಂದು ನೆನಪಿಡಲು ಫೈಲ್ ಸಿಸ್ಟಂ ಪ್ರತಿ ಹೆಸರಿನ ಜೊತೆ ಒಂದು 64 ಬಿಟ್ ಗುರುತು ಕೊಡುತ್ತದೆ. ಆ ಗುರುತಿನ ಒಳಗೇನಿದೆ ಎಂದು ಬಳಕೆದಾರ ಕೇಳುವಂತಿಲ್ಲ, ಮುಂದಿನ ಸಲ ಹಾಗೆಯೇ ಹಿಂತಿರುಗಿಸಬೇಕು, ಅಷ್ಟೆ. ಗ್ಲಸ್ಟರಿಗೆ ಮಾತ್ರ ‘ಯಾವ ಡಿಸ್ಕಿನಲ್ಲಿ ನಿಂತಿದ್ದೇವೆ’ ಎಂಬುದನ್ನೂ ಅದೇ ಗುರುತಿನೊಳಗೆ ತುರುಕಬೇಕಿತ್ತು. ಲಿನಕ್ಸ್‌ನ ಎಕ್ಸ್ಟ್4 ಫೈಲ್ ಸಿಸ್ಟಂ ಆಗ 32 ಬಿಟ್‌ಗಳನ್ನಷ್ಟೇ ಬಳಸುತ್ತಿತ್ತು, ಮೇಲಿನವು ಖಾಲಿ. ಗ್ಲಸ್ಟರ್ ಆ ಖಾಲಿ ಜಾಗವನ್ನು ನೆಚ್ಚಿಕೊಂಡಿತು. 2012ರಲ್ಲಿ ಎಕ್ಸ್ಟ್4 ಹೆಚ್ಚು ಬಿಟ್‌ಗಳ ಗುರುತು ಕೊಡತೊಡಗಿತು. ಒಂದೇ ಗುರುತು ಎರಡು ಹೆಸರುಗಳಿಗೆ ಬೀಳದಂತೆ ತಡೆಯುವುದು ಅದರ ಉದ್ದೇಶ. ಗ್ಲಸ್ಟರಿನ ಲೆಕ್ಕ ತಪ್ಪಿತು. ಫೋಲ್ಡರು ತೆರೆದರೆ ಪಟ್ಟಿ ಮುಗಿಯುವುದೇ ಇಲ್ಲ, ಮತ್ತೆ ಮತ್ತೆ ಅದೇ ಸುತ್ತು.

ಎರಡೂ ಕಡೆಯವರು ವಾದಿಸಿದರು. ಎಕ್ಸ್ಟ್4 ತಂಡದ ದೃಷ್ಟಿಯಲ್ಲಿ ಗುರುತಿನೊಳಗೆ ಇಣುಕಿದ್ದೇ ತಪ್ಪು. ಗ್ಲಸ್ಟರಿನವರ ದೃಷ್ಟಿಯಲ್ಲಿ ಕರ್ನಲಿನ ಬದಲಾವಣೆ ಓಡುತ್ತಿದ್ದ ವ್ಯವಸ್ಥೆಯನ್ನು ಕೆಡಿಸಿತ್ತು. ಕೊನೆಗೆ ಗ್ಲಸ್ಟರ್ ತನ್ನ ಬಿಟ್ ಹಂಚಿಕೆಯನ್ನೇ ತಿದ್ದಿಕೊಂಡಿತು. ನಿಜವಾದ ಕೊರತೆ ಇಂಟರ್‌ಫೇಸಿನದು. ‘ಈ ಗುರುತಿನಲ್ಲಿ ಎಷ್ಟು ಬಿಟ್ ನಾನು ಬಳಸುತ್ತೇನೆ’ ಎಂದು ಫೈಲ್ ಸಿಸ್ಟಂ ಹೇಳಲು ಅಲ್ಲಿ ಜಾಗವೇ ಇರಲಿಲ್ಲ. ಹೇಳಲು ಜಾಗವಿಲ್ಲದ ಕಡೆ ಮೇಲಿನ ಪದರ ಊಹಿಸುತ್ತದೆ, ಊಹೆ ವರ್ಷಗಟ್ಟಲೆ ಸರಿಹೋಗುತ್ತದೆ, ಒಂದು ದಿನ ತಪ್ಪುತ್ತದೆ.

ಕೇಳಿದರೆ ಹೇಳುವ ಎಸ್‌ಕ್ಯೂಲೈಟ್

ಇದಕ್ಕೆ ಎದುರಾದ ಮಾದರಿ ಪ್ರತಿಯೊಬ್ಬರ ಜೇಬಿನಲ್ಲೂ ಇದೆ. ಆಂಡ್ರಾಯ್ಡ್ ಮತ್ತು ಐಫೋನುಗಳೆರಡರಲ್ಲೂ ಇರುವ ಎಸ್‌ಕ್ಯೂಲೈಟ್ ದತ್ತಸಂಚಯ ಸಿ ಭಾಷೆಯದು, ರಿಚರ್ಡ್ ಹಿಪ್ 2000ದಲ್ಲಿ ಆರಂಭಿಸಿದ್ದು. ಹೊಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಏಥರ್ 450ಎಕ್ಸ್ ಸ್ಕೂಟರಿನ ಡ್ಯಾಷ್‌ಬೋರ್ಡ್ ಕೂಡ ಆಂಡ್ರಾಯ್ಡ್ ಮೂಲದ್ದು. ಎಸ್‌ಕ್ಯೂಲೈಟ್ ಡಿಸ್ಕನ್ನು ನೇರವಾಗಿ ಮುಟ್ಟುವುದಿಲ್ಲ. ಎರಡು ಚಿಕ್ಕ ಪಟ್ಟಿಗಳ ಮೂಲಕ ಮಾತಾಡುತ್ತದೆ: ಒಂದು ತೆರೆಯುವ, ಅಳಿಸುವ, ಹೆಸರು ಬಿಡಿಸುವ ಕೆಲಸಗಳದ್ದು, ಇನ್ನೊಂದು ತೆರೆದ ಫೈಲಿನ ಓದು, ಬರಹ, ಬೀಗಗಳದ್ದು.

ಎರಡನೆಯ ಪಟ್ಟಿಯಲ್ಲಿ ಒಂದು ಅಪರೂಪದ ಪ್ರಶ್ನೆಯಿದೆ. ‘ನಿನ್ನ ಸಾಧನದ ಗುಣವೇನು?’ ಉತ್ತರವಾಗಿ ಕೆಳಗಿನ ಪದರ ಬಿಟ್‌ಗಳ ಒಂದು ಗೊಂಚಲು ಕೊಡುತ್ತದೆ. 512 ಬೈಟಿನ ಬರಹ ಪೂರ್ತಿ ಆಗುತ್ತದೆ ಇಲ್ಲವೇ ಆಗುವುದೇ ಇಲ್ಲ, ಅರ್ಧಕ್ಕೆ ನಿಲ್ಲದು. ಫೈಲ್ ಬೆಳೆಯುವಾಗ ಮೊದಲು ದತ್ತಾಂಶ, ಆಮೇಲೆ ಅಳತೆ ಬದಲಾಗುತ್ತದೆ. ವಿದ್ಯುತ್ ಹೋದರೂ ಬರೆದ ಜಾಗದ ಅಕ್ಕಪಕ್ಕದ ಬೈಟುಗಳು ಕೆಡವು. ಒಂದೊಂದು ಭರವಸೆಗೂ ಒಂದೊಂದು ಬಿಟ್. ಭರವಸೆ ಸಿಕ್ಕಿದರೆ ಎಸ್‌ಕ್ಯೂಲೈಟ್ ಕೆಲವು ಎಚ್ಚರಿಕೆಯ ಹೆಜ್ಜೆಗಳನ್ನು ಬಿಟ್ಟು ಬೇಗ ಓಡುತ್ತದೆ, ಸಿಗದಿದ್ದರೆ ಕೆಟ್ಟದ್ದನ್ನೇ ನಿರೀಕ್ಷಿಸಿ ನಿಧಾನವಾಗಿ ಬರೆಯುತ್ತದೆ. ಪಟ್ಟಿಯ ತಲೆಯಲ್ಲಿ ಆವೃತ್ತಿ ಸಂಖ್ಯೆ ಇರುವುದರಿಂದ ಹೊಸ ಕೆಲಸ ಸೇರಿಸಿದರೂ ಹಳೆಯ ಕೋಡ್ ಒಡೆಯುವುದಿಲ್ಲ.

ಈ ಇಂಟರ್‌ಫೇಸಿನ ಇನ್ನೊಂದು ಫಲ ಪರೀಕ್ಷೆ. ಬರೆಯುವ ನಡುವೆ ವಿದ್ಯುತ್ ಹೋದಂತೆ, ಡಿಸ್ಕ್ ತುಂಬಿದಂತೆ, ಓದಲು ಹೋದಾಗ ದೋಷ ಬಂದಂತೆ ನಟಿಸುವ ನಕಲಿ ಪದರಗಳನ್ನು ಜೋಡಿಸಿ ಎಸ್‌ಕ್ಯೂಲೈಟ್ ತಂಡ ತನ್ನ ದತ್ತಸಂಚಯವನ್ನು ಪರೀಕ್ಷಿಸುತ್ತದೆ. ಅಮೂರ್ತ ಇಂಟರ್‌ಫೇಸ್ ಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಸಿಗಲಾರದು.

ಭಾಷೆಗಳು ಕೊಟ್ಟ ಉತ್ತರ

ಸಿ++ 2017ರಲ್ಲಿ ಬೀಮನ್ ಡಾವ್ಸ್ ಅವರ ಬೂಸ್ಟ್ ಲೈಬ್ರರಿಯ ಆಧಾರದ ಮೇಲೆ ಫೈಲ್ ಸಿಸ್ಟಂ ಭಾಗವನ್ನು ಪ್ರಮಾಣಿತಗೊಳಿಸಿತು. ಅದು ಪದರ ಬದಲಿಸಬಹುದಾದ ಇಂಟರ್‌ಫೇಸ್ ಅಲ್ಲ. ಆಪರೇಟಿಂಗ್ ಸಿಸ್ಟಂ ಕೊಟ್ಟದ್ದಕ್ಕೆ ಒಂದು ಚೆಂದದ ಹೊದಿಕೆ. ಒಂದು ಪ್ರೋಗ್ರಾಂ ಫೋಲ್ಡರು ನೋಡುತ್ತಿರುವಾಗ ಇನ್ನೊಂದು ಅದನ್ನು ಬದಲಿಸಿ ಪೈಪೋಟಿ ಉಂಟಾದರೆ ಪರಿಣಾಮವೇನೆಂದು ಹೇಳಲಾಗದು ಎಂದು ಆ ಪ್ರಮಾಣವೇ ಬರೆದುಬಿಟ್ಟಿದೆ. ಫೈಲ್ ಸಿಸ್ಟಂ ಎಂಬುದು ಹತ್ತಾರು ಪ್ರೋಗ್ರಾಂಗಳು ಏಕಕಾಲಕ್ಕೆ ಕೈಹಾಕುವ ಜಾಗ. ಅಲ್ಲಿ ಪೈಪೋಟಿಯ ಹೊಣೆ ಬಿಟ್ಟುಕೊಟ್ಟರೆ ಉಳಿಯುವುದು ಬಹಳ ಕಡಿಮೆ.

ಗೋ ಭಾಷೆ 2021ರ ಫೆಬ್ರವರಿಯಲ್ಲಿ, 1.16ನೇ ಆವೃತ್ತಿಯಲ್ಲಿ, ಇನ್ನೊಂದು ತುದಿಗೆ ಹೋಯಿತು. ಅದರ ಫೈಲ್ ಸಿಸ್ಟಂ ಇಂಟರ್‌ಫೇಸಿನಲ್ಲಿ ಇರುವುದು ಒಂದೇ ಕೆಲಸ: ‘ತೆರೆ’. ತೆರೆದ ಫೈಲಿಗೆ ಮೂರು: ವಿವರ ಕೊಡು, ಓದು, ಮುಚ್ಚು. ಬರೆಯುವುದಿಲ್ಲ. ಫೋಲ್ಡರು ಪಟ್ಟಿ ಮಾಡುವುದು, ಇಡೀ ಫೈಲನ್ನು ಒಂದೇ ಸಲಕ್ಕೆ ಓದುವುದು ಮುಂತಾದವು ಐಚ್ಛಿಕ ಇಂಟರ್‌ಫೇಸ್‌ಗಳು. ಇದ್ದರೆ ಬಳಕೆ, ಇಲ್ಲದಿದ್ದರೆ ‘ತೆರೆ’ಯಿಂದಲೇ ನಿಭಾವಣೆ. ಜಿಪ್ ಫೈಲು, ಪ್ರೋಗ್ರಾಂನೊಳಗೆ ಹುದುಗಿಸಿದ ಚಿತ್ರಗಳು, ಪರೀಕ್ಷೆಯ ಮೆಮೊರಿ ಫೋಲ್ಡರು ಎಲ್ಲವೂ ಇದಕ್ಕೆ ಸಲೀಸಾಗಿ ಹೊಂದುತ್ತವೆ. ಬರೆಯುವುದನ್ನು ಹೊರಗಿಟ್ಟದ್ದರಿಂದ ಕಷ್ಟದ ಪ್ರಶ್ನೆಗಳೂ ಹೊರಗುಳಿದವು, ಅದು ಗೊತ್ತಿದ್ದೇ ಮಾಡಿದ ಆಯ್ಕೆ. ಹೆಸರುಗಳು ಯುಟಿಎಫ್-8 ಆಗಿರಲೇಬೇಕು ಎಂಬ ಷರತ್ತೂ ಇದೆ. ಲಿನಕ್ಸ್‌ನಲ್ಲಿ ಹೆಸರು ಬರೀ ಬೈಟುಗಳ ಸಾಲು. ಹಳೆಯ ಎನ್‌ಕೋಡಿಂಗಿನಲ್ಲಿ ಉಳಿದುಹೋದ ಹೆಸರು ಯುಟಿಎಫ್-8 ಅಲ್ಲದಿದ್ದರೆ ಈ ಇಂಟರ್‌ಫೇಸಿಗೆ ಆ ಫೈಲು ಸಿಗದು.

ರಸ್ಟ್ ಹೆಸರಿನ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಫೈಲಿನ ಹೆಸರಿಗೆ ಸಾಮಾನ್ಯ ಪಠ್ಯದಿಂದ ಬೇರೆಯಾದ ವಿಧವನ್ನೇ ಅದು ಇಟ್ಟಿದೆ. ಹೆಸರನ್ನು ಪಠ್ಯವಾಗಿ ಓದಲು ಹೊರಟರೆ ‘ಆಗದೇ ಇರಬಹುದು’ ಎಂಬ ಉತ್ತರವನ್ನೂ ಎದುರಿಸಲು ಕಂಪೈಲರು ಒತ್ತಾಯಿಸುತ್ತದೆ. ಆದರೆ ಪ್ರಮಾಣಿತ ಲೈಬ್ರರಿಯಲ್ಲಿ ಅಮೂರ್ತ ಫೈಲ್ ಸಿಸ್ಟಂ ಇಲ್ಲ. ಹೊರಗಿನ ಲೈಬ್ರರಿಗಳು ತಮ್ಮ ತಮ್ಮ ಟ್ರೇಟ್‌ಗಳನ್ನು ಕಟ್ಟಿಕೊಂಡಿವೆ. ಹೆಸರುಗಳನ್ನಷ್ಟೇ ನಂಬಿ ಕೆಲಸ ಮಾಡುವ ಅಪಾಯ ರಸ್ಟ್‌ಗೂ ತಟ್ಟಿದೆ. ಫೋಲ್ಡರನ್ನು ಒಳಗಿನದೆಲ್ಲದರ ಸಮೇತ ಅಳಿಸುವ ಅದರ ಫಂಕ್ಷನ್, ಇದು ಫೋಲ್ಡರೇ ಎಂದು ನೋಡುವುದಕ್ಕೂ ಅಳಿಸುವುದಕ್ಕೂ ನಡುವಿನ ಕ್ಷಣದಲ್ಲಿ ಯಾರಾದರೂ ಅಲ್ಲಿ ಸಿಂಬಾಲಿಕ್ ಲಿಂಕ್ ಇಟ್ಟರೆ ಬೇರೆಲ್ಲೋ ಇರುವ ಫೈಲುಗಳನ್ನು ಅಳಿಸಬಹುದಿತ್ತು. 2022ರ ಜನವರಿಯಲ್ಲಿ 1.58.1ನೇ ಆವೃತ್ತಿ ಅದನ್ನು ಸರಿಪಡಿಸಿತು. ಪರಿಹಾರ ಇಂಟರ್‌ಫೇಸಿನ ಆಕಾರದಲ್ಲೇ ಇದೆ: ಪೂರ್ತಿ ಹಾದಿಯ ಬದಲು, ಈಗಾಗಲೇ ತೆರೆದು ಹಿಡಿದಿರುವ ಫೋಲ್ಡರಿನಿಂದ ಮುಂದಿನ ಹೆಜ್ಜೆ ಕೇಳುವುದು. ಗೋ ಕೂಡ 2025ರ ಫೆಬ್ರವರಿಯ 1.24ನೇ ಆವೃತ್ತಿಯಲ್ಲಿ ಇಂಥದ್ದೇ ‘ರೂಟ್’ ವಿಧವನ್ನು ಸೇರಿಸಿತು.

ಲಿನಕ್ಸ್ ಕರ್ನಲಿನೊಳಗೆ ರಸ್ಟ್ ಬಂದದ್ದು 2022ರ ಡಿಸೆಂಬರಿನ 6.1ರಲ್ಲಿ. ಮರುವರ್ಷ ವೆಡ್ಸನ್ ಅಲ್ಮೇಡಾ ಫಿಲ್ಹೊ ಫೈಲ್ ಸಿಸ್ಟಂ ಇಂಟರ್‌ಫೇಸಿಗೆ ರಸ್ಟ್ ರೂಪ ಕೊಟ್ಟು ಮುಂದಿಟ್ಟರು. ಅದರ ಒಂದು ತುಣುಕು ಇಡೀ ಯೋಚನೆಯನ್ನು ತೋರಿಸುತ್ತದೆ. ಸಿ ಭಾಷೆಯಲ್ಲಿ ಐನೋಡ್ ಕೇಳುವ ಫಂಕ್ಷನ್ ಒಂದು ಪಾಯಿಂಟರ್ ಕೊಡುತ್ತದೆ. ಅದು ಮೊದಲೇ ಮೆಮೊರಿಯಲ್ಲಿದ್ದ ಐನೋಡೋ, ಈಗ ಹುಟ್ಟಿ ಇನ್ನೂ ತುಂಬಬೇಕಾದ ಖಾಲಿ ಐನೋಡೋ ಎಂದು ತಿಳಿಯಲು ಒಂದು ಬಿಟ್ ನೋಡಬೇಕು. ನೋಡಲು ಮರೆತರೂ ಕೋಡ್ ಕಂಪೈಲ್ ಆಗುತ್ತದೆ. ರಸ್ಟ್ ರೂಪದಲ್ಲಿ ಎರಡಕ್ಕೂ ಬೇರೆ ಬೇರೆ ವಿಧ. ಖಾಲಿ ಐನೋಡನ್ನು ತುಂಬದೆ ಬಳಸಲು ಕಂಪೈಲರೇ ಬಿಡದು. 2024ರ ಮೇ ತಿಂಗಳ ಕರ್ನಲ್ ಸಭೆಯಲ್ಲಿ ಇದರ ಸುತ್ತ ಬಿಸಿ ಚರ್ಚೆ ನಡೆಯಿತು. ಸಿ ಕಡೆಯ ನಿಯಮ ಬದಲಾದಾಗ ರಸ್ಟ್ ಕಡೆಯದನ್ನು ಯಾರು ತಿದ್ದಬೇಕು ಎಂಬುದು ಮುಖ್ಯ ತಕರಾರು. ಆಗಸ್ಟಿನಲ್ಲಿ ಫಿಲ್ಹೊ ಆ ಯೋಜನೆಯಿಂದ ಹೊರನಡೆದರು. ಬಾಯಿಮಾತಿನ ನಿಯಮವನ್ನು ವಿಧವಾಗಿ ಬರೆಯುವುದೆಂದರೆ ಆ ನಿಯಮವನ್ನು ಬಲ್ಲ ಎಲ್ಲರೂ ಅದಕ್ಕೆ ಕಟ್ಟುಬೀಳಬೇಕು. ಆ ಒಪ್ಪಂದ ಕೋಡಿಗಿಂತ ಕಷ್ಟದ್ದಾಯಿತು.

ವಿದ್ಯುತ್ ಹೋದಾಗ

ಇಂಟರ್‌ಫೇಸ್‌ಗಳು ಹೆಚ್ಚಾಗಿ ಎಡವುವುದು ಬರೆದದ್ದು ನಿಜವಾಗಿ ಉಳಿಯಿತೇ ಎಂಬಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಹೆಸರಾಂತ 11 ತಂತ್ರಾಂಶಗಳನ್ನು ಪರೀಕ್ಷಿಸಿ, ನಡುವೆ ಯಂತ್ರ ನಿಂತರೆ ದತ್ತಾಂಶ ಕೆಡಿಸಬಲ್ಲ 60 ದೋಷಗಳನ್ನು ಕಂಡರು. ಬರಹಗಳು ಯಾವ ಕ್ರಮದಲ್ಲಿ ಡಿಸ್ಕಿಗೆ ಇಳಿಯುತ್ತವೆ ಎಂಬುದು ಫೈಲ್ ಸಿಸ್ಟಂನಿಂದ ಫೈಲ್ ಸಿಸ್ಟಂಗೆ ಬೇರೆ. ಇಂಟರ್‌ಫೇಸ್ ಅದನ್ನು ಹೇಳುವುದಿಲ್ಲ, ತಂತ್ರಾಂಶಗಳು ಊಹಿಸಿದ್ದವು.

2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಸಂಚಯದ ತಂಡಕ್ಕೆ ಇನ್ನೂ ದೊಡ್ಡ ಆಘಾತ ಕಾದಿತ್ತು. ಡಿಸ್ಕಿಗೆ ಬರೆಯುವಲ್ಲಿ ದೋಷ ಬಂದರೆ ಬರೆದದ್ದನ್ನು ಡಿಸ್ಕಿಗೆ ಇಳಿಸುವ ಲಿನಕ್ಸ್‌ನ ‘ಎಫ್‌ಸಿಂಕ್’ ಕರೆ ಒಮ್ಮೆ ಹೇಳುತ್ತದೆ. ಮತ್ತೆ ಕೇಳಿದರೆ ‘ಎಲ್ಲ ಸರಿ’ ಎನ್ನಬಹುದು. ಬರೆಯಲಾಗದ ಪುಟಗಳನ್ನು ಕರ್ನಲು ಅಷ್ಟರಲ್ಲಿ ‘ಬರೆದಾಯಿತು’ ಎಂದು ಗುರುತಿಸಿಬಿಟ್ಟಿರುತ್ತದೆ. ಮತ್ತೆ ಪ್ರಯತ್ನಿಸಿದರೆ ಆಯಿತು ಎಂಬ ಬಹುಕಾಲದ ನಂಬಿಕೆ ಕುಸಿಯಿತು. 2019ರಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಇಂಥ ದೋಷ ಕಂಡರೆ ತಾನೇ ನಿಂತು, ಲಾಗ್‌ನಿಂದ ಮತ್ತೆ ಶುರುವಾಗುತ್ತದೆ.

ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಈ ಪ್ರಶ್ನೆಗೆ ಕೈಗಾರಿಕೆಯ ಮುಖವೂ ಇದೆ. ಹೊಸೂರಿನಲ್ಲಿ ಟಿವಿಎಸ್, ಅಶೋಕ್ ಲೇಲ್ಯಾಂಡ್, ಏಥರ್, ಪೋಚಂಪಳ್ಳಿಯಲ್ಲಿ ಓಲಾ, ಹೀಗೆ ವಾಹನ ಕಾರ್ಖಾನೆಗಳು ಇಲ್ಲಿ ಸಾಲುಗಟ್ಟಿವೆ. ಇಂದಿನ ವಾಹನವೆಂದರೆ ಚಕ್ರದ ಮೇಲಿನ ಕಂಪ್ಯೂಟರ್. ಸವಾರ ಕೀಲಿ ತೆಗೆದ ಕ್ಷಣ ವಿದ್ಯುತ್ ಹೋಗಬಹುದೆಂದು ಎಣಿಸಿಯೇ ಅದರ ಕೋಡ್ ಬರೆಯಬೇಕು. ಚಿಕ್ಕ ಮೈಕ್ರೊಕಂಟ್ರೋಲರುಗಳಿಗೆಂದು ಆರ್ಮ್ ಸಂಸ್ಥೆಯಿಂದ 2017ರಲ್ಲಿ ಹೊರಬಂದ ‘ಲಿಟಲ್‌ಎಫ್‌ಎಸ್’ ಇಲ್ಲಿ ಮಾದರಿಯಾಗಬಲ್ಲದು. ಅದು ತನ್ನ ಕೆಳಗಿನ ಫ್ಲ್ಯಾಷ್ ಮೆಮೊರಿಯಿಂದ ಕೇಳುವುದು ನಾಲ್ಕೇ ಫಂಕ್ಷನ್: ಓದು, ಬರೆ, ಅಳಿಸು, ಖಾತರಿಪಡಿಸು. ಫ್ಲ್ಯಾಷ್‌ನಲ್ಲಿ ಅಳಿಸದೆ ಮತ್ತೆ ಬರೆಯಲಾಗದು, ಅಳಿಸುವುದು ಇಡೀ ಬ್ಲಾಕನ್ನು. ಹಾಗಾಗಿ ‘ಅಳಿಸು’ ಪ್ರತ್ಯೇಕ ಕೆಲಸವಾಗಿ ಎದ್ದು ನಿಂತಿದೆ. ಓದುವ, ಬರೆಯುವ, ಅಳಿಸುವ ಕನಿಷ್ಠ ಅಳತೆಗಳನ್ನೂ ಬ್ಲಾಕು ಎಷ್ಟು ಸಲ ಅಳಿಸಿದ ಮೇಲೆ ಸವೆತ ಹಂಚಬೇಕೆಂಬುದನ್ನೂ ಮೊದಲೇ ತಿಳಿಸಬೇಕು. ಯಂತ್ರದ ಸ್ವಭಾವವನ್ನು ಮರೆಮಾಡದೆ ಪಟ್ಟಿಯಲ್ಲೇ ಬರೆದುದರಿಂದ, ವಿದ್ಯುತ್ ಯಾವಾಗ ಹೋದರೂ ಹಿಂದಿನ ಸರಿಯಾದ ಸ್ಥಿತಿಗೆ ಮರಳುವಂತೆ ಅದನ್ನು ಕಟ್ಟಲಾಯಿತು.

ಹೆಸರೆಂಬ ತೊಡಕು

ಕನ್ನಡ ಬರೆಯುವವರಿಗೆ ಹೆಸರಿನ ಪ್ರಶ್ನೆ ತಮ್ಮದೇ. ಎಕ್ಸ್ಟ್4ರಲ್ಲಿ ಫೈಲಿನ ಹೆಸರಿಗೆ ಮಿತಿ 255 ಬೈಟ್, ಎಂದರೆ 85 ಕನ್ನಡ ಸಂಕೇತ. ‘ಕೃಷ್ಣ’ ಎಂಬ ಎರಡೇ ಅಕ್ಷರಕ್ಕೆ ಐದು ಸಂಕೇತ, 15 ಬೈಟ್ ಬೇಕು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಿತಿ 255 ಯುಟಿಎಫ್-16 ಘಟಕ. ಅಲ್ಲಿ ಕನ್ನಡದ ಪ್ರತಿ ಸಂಕೇತವೂ ಒಂದೇ ಘಟಕ. ವಿಂಡೋಸ್‌ನಲ್ಲಿ ನೂರು ಸಂಕೇತದ ಕನ್ನಡ ಹೆಸರಿಟ್ಟ ಫೈಲು ಲಿನಕ್ಸ್ ಸರ್ವರಿಗೆ ನಕಲಾಗದೆ ನಿಲ್ಲುವುದು ಇದರಿಂದ. ಮಿತಿ ಎಷ್ಟು, ಯಾವ ಘಟಕದಲ್ಲಿ ಎಂದು ಕೇಳುವ ದಾರಿ ಇಂಟರ್‌ಫೇಸಿನಲ್ಲಿ ಇರಲೇಬೇಕು.

‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಲು ಕನ್ನಡಿಗರು ದಿನವೂ ಬಳಸುವ ಅಗಲವಿಲ್ಲದ, ಅಕ್ಷರ ಬೇರ್ಪಡಿಸುವ ಸಂಕೇತವೂ ಹೀಗೆಯೇ. ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಹೋಲಿಸುವಾಗ ಆ ಸಂಕೇತವನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. 2014ರ ಡಿಸೆಂಬರಿನಲ್ಲಿ ಗಿಟ್ ತಂತ್ರಾಂಶದಲ್ಲಿ ಕಂಡ ಗಂಭೀರ ಭದ್ರತಾ ದೋಷಕ್ಕೆ ಇದೂ ಒಂದು ದಾರಿಯಾಗಿತ್ತು. ಗಿಟ್‌ನ ಒಳಫೋಲ್ಡರಿನ ಹೆಸರಿನ ನಡುವೆ ಈ ಸಂಕೇತ ಸೇರಿಸಿದರೆ ಗಿಟ್‌ಗೆ ಅದು ಬೇರೆ ಹೆಸರು, ಮ್ಯಾಕ್‌ಗೆ ಅದೇ ಹೆಸರು. ಆ ಬಿರುಕಿನಲ್ಲಿ ದಾಳಿಕೋರರ ಕೋಡ್ ನುಸುಳಬಹುದಿತ್ತು. ಎರಡು ಹೆಸರು ಒಂದೇ ಹೌದೋ ಅಲ್ಲವೋ ಎಂದು ಮೇಲಿನ ಪದರ ತಾನೇ ತೀರ್ಮಾನಿಸುವಂತಿಲ್ಲ, ಕೆಳಗಿನ ಫೈಲ್ ಸಿಸ್ಟಮನ್ನೇ ಕೇಳಬೇಕು ಎನ್ನಲು ಇದಕ್ಕಿಂತ ನೇರ ಸಾಕ್ಷಿ ಬೇಡ.

ಮುಂದಿನ ಚರ್ಚೆ

ಈಗ ಬಿಸಿಯಾಗಿರುವ ಪ್ರಶ್ನೆ ಕಾಯುವುದರದ್ದು. ಯೆನ್ಸ್ ಆಕ್ಸ್‌ಬೋ ಅವರ ‘ಐಓ ಯೂರಿಂಗ್’ 2019ರಲ್ಲಿ ಲಿನಕ್ಸ್ 5.1ಕ್ಕೆ ಸೇರಿದ ಮೇಲೆ ಫೈಲ್ ಕೆಲಸಗಳನ್ನು ಸರದಿಯಲ್ಲಿಟ್ಟು, ಉತ್ತರ ಬಂದಾಗ ಎತ್ತಿಕೊಳ್ಳುವುದು ಸುಲಭವಾಯಿತು. ಜಿಗ್ ಭಾಷೆ 2025ರಲ್ಲಿ ಇನ್ಪುಟ್–ಔಟ್ಪುಟ್ ಇಡೀ ವ್ಯವಸ್ಥೆಯನ್ನೇ ಒಂದು ಇಂಟರ್‌ಫೇಸ್ ಮಾಡಿ, ಬೇಕಾದ ಫಂಕ್ಷನ್ನಿನ ಕೈಗೆ ಕೊಡುವ ದಾರಿ ಹಿಡಿಯಿತು. ಕಾಯುವ ಮಾದರಿಗೆ ಹೊಂದಿಸಿ ಕಟ್ಟಿದ ಹಳೆಯ ಇಂಟರ್‌ಫೇಸ್‌ಗಳನ್ನು ಇದಕ್ಕೆ ಒಗ್ಗಿಸುವುದು ಸುಲಭವಲ್ಲ. ಇನ್ನೊಂದು ಕಡೆ ಗ್ಲಸ್ಟರ್ ಕಟ್ಟಿದ ಪೆರಿಯಸ್ವಾಮಿಯವರೇ 2014ರಲ್ಲಿ ಮಿನ್‌ಐಓ ಸ್ಥಾಪಕರಲ್ಲೊಬ್ಬರಾಗಿ ಆಬ್ಜೆಕ್ಟ್ ಸಂಗ್ರಹದತ್ತ ಹೊರಳಿದರು. ಅಲ್ಲಿ ಇಡು, ಕೊಡು, ಅಳಿಸು, ಪಟ್ಟಿ ಮಾಡು ಎಂಬಷ್ಟೇ ಮುಖ್ಯ ಕೆಲಸ. ಹೆಸರು ಬದಲಿಸುವ ಆದೇಶ ಮೂಲ ಪಟ್ಟಿಯಲ್ಲಿಲ್ಲ.

ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ ಕೊಡುತ್ತಿದ್ದ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಮೂಲ ಕೋಡ್ ಮಾತ್ರ ಮುಕ್ತವಾಗಿ ಓದಲು ಸಿಗುತ್ತದೆ. ಬರ್ಗೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಹೊಸೂರಿನ ಅದಿಯಮಾನ್ ಕಾಲೇಜಿನಲ್ಲೋ ಆಪರೇಟಿಂಗ್ ಸಿಸ್ಟಂ ಓದುವ ವಿದ್ಯಾರ್ಥಿ ಅದರ ಪಕ್ಕದಲ್ಲಿ ಎಸ್‌ಕ್ಯೂಲೈಟಿನ ಎರಡು ಪಟ್ಟಿಗಳನ್ನಿಟ್ಟು ಓದಿದರೆ ಒಂದು ಸೆಮಿಸ್ಟರಿಗೆ ಸಾಕಾಗುವಷ್ಟು ಕೆಲಸವಿದೆ. ರಸ್ಟ್‌ನಲ್ಲಿ ಒಂದು ಚಿಕ್ಕ ಇಂಟರ್‌ಫೇಸ್ ಬರೆಯಬಹುದು: ತೆರೆದ ಫೋಲ್ಡರಿನಿಂದ ಹೆಜ್ಜೆ ಇಡುವ ಐದಾರು ಕೆಲಸ, ಬೈಟುಗಳಾಗಿ ಉಳಿಯುವ ಹೆಸರು, ಸಾಧನದ ಗುಣಗಳನ್ನು ಹೇಳುವ ಒಂದು ಪ್ರಶ್ನೆ, ವಿದ್ಯುತ್ ಹೋದಂತೆ ನಟಿಸುವ ಒಂದು ನಕಲಿ ಪದರ. ಅದನ್ನು ಎಕ್ಸ್ಟ್4, ಪೆನ್ ಡ್ರೈವಿನ ಎಕ್ಸ್‌ಫ್ಯಾಟ್, ಮೆಮೊರಿ ಫೋಲ್ಡರು ಈ ಮೂರರ ಮೇಲೂ ಓಡಿಸಿದರೆ ಪಟ್ಟಿಯಲ್ಲಿ ಯಾವ ಸಾಲು ಬಿಟ್ಟುಹೋಗಿದೆ ಎಂದು ಪರೀಕ್ಷೆಯೇ ತೋರಿಸುತ್ತದೆ.